ಸಾಲ್ಟ್ ಬ್ರಾಂಡ್ ಬದಲಾಯಿಸಿದ ಮೇಲೆ ರೀಫ್ ಟ್ಯಾಂಕ್ ಮುನಿಸಿಕೊಂಡಿದ್ಯಾ? ಟ್ಯಾಂಕ್ ಬಿಡಿ, ಮೊದಲು ಡ್ರಮ್ ನೋಡಿ

ರೀಫ್ ಟ್ಯಾಂಕ್ ಅಂದ್ರೆ ಸಮುದ್ರದ ಹವಳ (ಕೋರಲ್) ಸಾಕೋ ಅಕ್ವೇರಿಯಂ, ಅದಕ್ಕೆ ಬೇಕಾದ ಸಮುದ್ರದ ನೀರನ್ನ ಡ್ರಮ್ಮಲ್ಲಿ ಶುದ್ಧ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ ನಾವೇ ಮಾಡ್ಕೋತೀವಿ. ಹೊಸ ಬ್ರಾಂಡ್ ಉಪ್ಪಿಗೆ ಹೋದ ಮೂರನೇ ವಾರಕ್ಕೆ ನನ್ನ ಟ್ಯಾಂಕಲ್ಲಿ ಜೋವಾಗಳೆಲ್ಲ (ಗುಂಡಿ ತರದ ಪುಟ್ಟ ಮೃದು ಹವಳ) ಬಾಯಿ ಮುಚ್ಕೊಂಡು ಕೂತ್ಬಿಟ್ವು. ಲೆದರ್ ಕೋರಲ್ ಮೈಮೇಲೆ ಮೇಣದ ತರ ಪೊರೆ ಕಟ್ಕೊಂಡು ಹಂಗೇ ನಿಂತಿದೆ, ಜೀನಿಯಾ ಅನ್ನೋ ಮೃದು ಹವಳ ಕೈ ಬಿಚ್ಚಿ ಮುಚ್ಚಿ ಮಿಡಿಯೋದನ್ನೇ ನಿಲ್ಸಿದೆ, ಬಸವನಹುಳುಗಳು ಗಾಜು ಬಿಟ್ಟು ಮರಳ ಮೇಲೆ ಬಿದ್ಕೊಂಡಿವೆ, ಮೀನು ಮಾತ್ರ ಏನೂ ಆಗದೇ ಇರೋರ ತರ ಊಟಕ್ಕೆ ಓಡಿ ಬರ್ತಾ ಇವೆ. ಹಳೇ ಬ್ರಾಂಡ್ ಎರಡು ತಿಂಗಳಿಂದ ಸ್ಟಾಕ್ ಇಲ್ಲ ಅಂತ ಅಂಗಡಿಯವರು ಹೇಳಿದ್ದಕ್ಕೇ ನಾನು ಬದಲಾಯಿಸಿದ್ದು, ಸೋ ಬೇರೆ ಏನನ್ನೂ ಮುಟ್ಟಿಲ್ಲ, ಬದಲಾಗಿದ್ದು ಉಪ್ಪೊಂದೇ, ಅಂದ್ಮೇಲೆ ಉಪ್ಪೇ ಕೆಟ್ಟದ್ದು ಅಂತ ತೀರ್ಮಾನ ಮಾಡ್ಬಿಟ್ಟೆ. ತಪ್ಪು ತೀರ್ಮಾನ. ಅದನ್ನ ಕಂಡುಹಿಡಿಯೋಕೆ ನಂಗೆ ಇಪ್ಪತ್ತು ದಿನ ಬೇಕಾಯ್ತು, ನಿಮಗೆ ಒಂದು ಸಂಜೆ ಸಾಕಾಗ್ಲಿ ಅಂತ ಇದನ್ನ ಬರೀತಿದೀನಿ.

ಮೊದಲೇ ಹೇಳ್ಬಿಡ್ತೀನಿ, ನಂದು ಬೆಂಗಳೂರಲ್ಲಿರೋ ಸಾಫ್ಟ್ ಕೋರಲ್ ಟ್ಯಾಂಕು, ಕಲ್ಲು ತೆಗೆದ್ರೆ ನಿವ್ವಳ ನೀರು 160 ಲೀಟರ್ ಬರುತ್ತೆ. ಆಕ್ರೋಪೋರಾ ತರದ ಗಟ್ಟಿ ಹವಳ ನಾನು ಇಟ್ಟಿಲ್ಲ, ನಮ್ಮ ದೇಶದಲ್ಲಿ ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಬರುತ್ವೆ, ಆ ತಲೆನೋವೇ ಬೇಡ ಅಂತ. ಆದ್ರೆ ನ್ಯೂಜೆರ್ಸಿಯಲ್ಲಿರೋ ನಮ್ ಭಾವನ ಟ್ಯಾಂಕ್ ತುಂಬಾ ಅವೇ, ಅವ್ರ ಕಥೆನೂ ಮುಂದೆ ಬರುತ್ತೆ, ಯಾಕಂದ್ರೆ ಅವ್ರ ದೋಷ ಬೇರೆ, ನನ್ನ ದೋಷ ಬೇರೆ, ಹೊರಗಿಂದ ನೋಡಿದ್ರೆ ಮಾತ್ರ ಎರಡೂ "ಉಪ್ಪು ಬದಲಾಯಿಸಿದೆ, ಕೋರಲ್ ಕೆಟ್ಟೋಯ್ತು" ಅನ್ನೋ ಒಂದೇ ಕಥೆ.

ನಾನು ಮಾಡಿದ ಮೊದಲನೇ ಕೆಲ್ಸ ಸಲಿನಿಟಿ, ಅಂದ್ರೆ ನೀರಿನ ಉಪ್ಪಿನಂಶ, ನೋಡಿದ್ದು. ರಿಫ್ರಾಕ್ಟೋಮೀಟರ್‌ನಲ್ಲಿ (ನೀರಲ್ಲಿ ಬೆಳಕು ಎಷ್ಟು ಬಾಗುತ್ತೆ ಅಂತ ನೋಡಿ ಉಪ್ಪು ಅಳೆಯೋ ಸಾಧನ) 35 ಪಿಪಿಟಿ ತೋರಿಸ್ತು, ಅಂದ್ರೆ ಸಾವಿರ ಭಾಗಕ್ಕೆ 35 ಭಾಗ ಉಪ್ಪು, ಸಮುದ್ರದ ನೀರಿನಷ್ಟೇ. ಸರಿ, ಸಲಿನಿಟಿ ಅಲ್ಲ ಅಂತ ಗೀಟು ಹಾಕಿದೆ. ಆಮೇಲೆ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೇ ಉಪ್ಪಲ್ಲಿ 40 ಲೀಟರ್ ನೀರು ಮಾಡಿ ವಾಟರ್ ಚೇಂಜ್ ಮಾಡ್ದೆ, ಎರಡು ದಿನಕ್ಕೆ ಜೋವಾಗಳು ಅರ್ಧಂಬರ್ಧ ಬಿಚ್ಕೊಂಡ್ವು. ನೋಡಿದ್ರಾ, ಹಳೇ ಉಪ್ಪು ಹಾಕಿದ ತಕ್ಷಣ ಸರಿಹೋಯ್ತು, ಹೊಸದ್ರಲ್ಲೇ ಏನೋ ಇದೆ ಅಂತ ಇನ್ನೂ ಗಟ್ಟಿಯಾಗಿ ನಂಬಿದೆ, ಅಂಗಡಿಯವರ ಜೊತೆ ಜಗಳನೂ ಆಡಿದೆ. ಪಾಪ.

ಕಣ್ಣು ತೆರೆಸಿದ್ದು ಒಂದು ಸಣ್ಣ ಟೆಸ್ಟು. ಜಗಳಕ್ಕೆ ಪುರಾವೆ ಬೇಕಲ್ಲ ಅಂತ ಹೊಸ ಉಪ್ಪಿಂದ ಮಾಮೂಲಿ ತರಾನೇ ಒಂದು ಡ್ರಮ್ ನೀರು ಮಾಡಿ, ಟ್ಯಾಂಕ್ ನೀರನ್ನ ಬಿಟ್ಟು ಡ್ರಮ್ ನೀರನ್ನೇ ಟೆಸ್ಟ್ ಮಾಡ್ದೆ. ಡಬ್ಬಿ ಮೇಲೆ 35 ಪಿಪಿಟಿಗೆ ಕೆಎಚ್ (ಆಲ್ಕಲಿನಿಟಿ, ನೀರಲ್ಲಿರೋ ಕಾರ್ಬೊನೇಟ್ ಅಂಶದ ಅಳತೆ) 8.5, ಕ್ಯಾಲ್ಸಿಯಂ 430, ಮೆಗ್ನೀಸಿಯಂ 1320 ಅಂತ ಬರೆದಿದ್ರು. ನಂಗೆ ಬಂದಿದ್ದು ಕೆಎಚ್ 9.5, ಕ್ಯಾಲ್ಸಿಯಂ 480, ಮೆಗ್ನೀಸಿಯಂ 1470. ಭಾಗಿಸಿ ನೋಡಿ, ಮೂರೂ ಹೆಚ್ಚು ಕಮ್ಮಿ ಒಂದೇ ಪ್ರಮಾಣದಲ್ಲಿ, ನೂರಕ್ಕೆ ಹನ್ನೊಂದರಷ್ಟು ಜಾಸ್ತಿ. ಯಾವ ಕಂಪನಿಯವನೂ ಮೂರನ್ನೂ ಅಷ್ಟು ಲೆಕ್ಕ ಹಾಕಿ ಒಟ್ಟಿಗೆ ಜಾಸ್ತಿ ಸುರಿಯಲ್ಲ. ಮೂರೂ ಜೊತೆಗೆ ಏರಿದೆ ಅಂದ್ರೆ ಒಂದೇ ಅರ್ಥ, ನೀರಿಗೆ ಉಪ್ಪು ಜಾಸ್ತಿ ಬಿದ್ದಿದೆ. 35ಕ್ಕೆ ಹನ್ನೊಂದು ಪರ್ಸೆಂಟ್ ಸೇರಿಸಿದ್ರೆ 39.

ಹಂಗಾದ್ರೆ ರಿಫ್ರಾಕ್ಟೋಮೀಟರ್ ಸುಳ್ಳು ಹೇಳ್ತಿದೆ. ನೆನಪಾಯ್ತು, ಒಂದು ತಿಂಗಳ ಹಿಂದೆ ಅದು ಕೈಜಾರಿ ನೆಲಕ್ಕೆ ಬಿದ್ದಿತ್ತು, ಗಾಜು ಒಡೆದಿಲ್ವಲ್ಲ ಸದ್ಯ ಅಂತ ಒರೆಸಿ ಡಬ್ಬಿಗೆ ಹಾಕಿದ್ದೆ. 35ರ ಕ್ಯಾಲಿಬ್ರೇಷನ್ ದ್ರಾವಣ ತರಿಸಿ ಹಾಕಿದ್ರೆ 33 ತೋರಿಸ್ತು. ಅಂದ್ರೆ ಟ್ಯಾಂಕಲ್ಲಿ 35 ಅಂತ ನಾನು ಓದಿದ್ದು ನಿಜಕ್ಕೂ 37.

ಇನ್ನು ಉಪ್ಪು ಯಾಕೆ ಜಾಸ್ತಿ ಬಿತ್ತು ಅಂತೀರಾ, ಅದಕ್ಕೆ ಕಾರಣ ಒಂದು ಪ್ಲಾಸ್ಟಿಕ್ ಮಗ್. ಎರಡು ವರ್ಷದಿಂದ 40 ಲೀಟರಿಗೆ ಆರು ಮಗ್ ಉಪ್ಪು ಅಂತ ನನ್ನ ಲೆಕ್ಕ. ಹಳೇ ಉಪ್ಪು ದಪ್ಪ ಹರಳು, ಮಗ್ಗಿಗೆ 250 ಗ್ರಾಂ ಹಿಡೀತಿತ್ತು, ಆರು ಮಗ್ಗಿಗೆ ಒಂದೂವರೆ ಕೆಜಿ. ಹೊಸದು ನುಣ್ಣಗಿನ ಪುಡಿ, ಅದೇ ಮಗ್ಗಲ್ಲಿ ಒತ್ತೊತ್ತಾಗಿ ಕೂತು 275 ಗ್ರಾಂ ಹಿಡೀತಿದೆ. ಮೇಲಿಂದ ಹೊಸದಕ್ಕೆ ಲೀಟರಿಗೆ 37 ಗ್ರಾಂ ಸಾಕು, ನಾನು ಹಾಕ್ತಿದ್ದಿದ್ದು 41ರ ಮೇಲೆ. ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡೋ ತನಕ ಇದು ಹೊಳೆದೇ ಇರ್ಲಿಲ್ಲ. ರವೆ ಅಳೆಯೋ ಪಾವಲ್ಲಿ ಮೈದಾ ಅಳೆದ್ರೆ ತೂಕ ಒಂದೇ ಬರುತ್ತಾ ಅಂತ ಅಮ್ಮ ಕೇಳಿದ್ರು, ಅಷ್ಟೇ ಸಿಂಪಲ್ ವಿಷ್ಯ.

ಪ್ರತಿ ವಾರ ಕಾಲುಭಾಗ ನೀರು ಬದಲಾಯಿಸ್ತಾ ಇದ್ದೆ, 39ರ ನೀರು ಹಾಕ್ತಾ ಹೋದ್ರೆ ಟ್ಯಾಂಕ್ 35ರಿಂದ ಮೊದಲ ವಾರ 36, ಎರಡನೇ ವಾರ 36.75, ಮೂರನೇ ವಾರ 37.3. ನಿಧಾನಕ್ಕೆ ಏರಿದ್ದಕ್ಕೇ ಮೀನಿಗೆ ಏನೂ ಆಗ್ಲಿಲ್ಲ. ಹಳೇ ಉಪ್ಪಿನ ನೀರು ಹಾಕ್ದಾಗ ಸ್ವಲ್ಪ ಸುಧಾರಿಸಿತ್ತಲ್ಲ, ಅದು ಹಳೇ ಬ್ರಾಂಡಿನ ಮಹಿಮೆ ಅಲ್ಲ, ಹಳೇ ಉಪ್ಪಿಗೆ ಹಳೇ ಮಗ್ ಲೆಕ್ಕ ಸರಿ ಇತ್ತು, ಹಂಗಾಗಿ 35ರ ನೀರು ಬಿದ್ದು 37.3 ಇದ್ದಿದ್ದು 36.7ಕ್ಕೆ ಇಳೀತು. ಇಡೀ ಪ್ರಕರಣದಲ್ಲಿ ನಂಗೆ ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ಅರ್ಧ ಸುಧಾರಣೆನೇ.

ಈಗ ನಿಮ್ಮ ಟ್ಯಾಂಕಿಗೆ ಬರೋಣ. ಹುಡುಕೋ ಕ್ರಮ ನನ್ನ ಪ್ರಕಾರ ಹೀಗಿರ್ಬೇಕು.

ಮೊದಲು ಅಳೆಯೋ ಸಾಧನವನ್ನೇ ಅನುಮಾನಿಸಿ. ರಿಫ್ರಾಕ್ಟೋಮೀಟರ್‌ನ ಬರೀ ಆರ್‌ಒ ನೀರಲ್ಲಿ ಸೊನ್ನೆಗೆ ತಂದು ನಿಲ್ಲಿಸಿದ್ರೆ ಸಾಲದು, ಸೊನ್ನೆ ಹತ್ರ ಸರಿ ಇರೋದು 35ರ ಹತ್ರ ತಪ್ಪಾಗಿರ್ಬೋದು, ನಮಗೆ ಬೇಕಿರೋದು 35ರ ಹತ್ರ ತಾನೇ, ಅಲ್ಲೇ ಕ್ಯಾಲಿಬ್ರೇಟ್ ಮಾಡಿ. ದ್ರಾವಣ ಸಿಗ್ಲಿಲ್ಲ ಅಂದ್ರೆ 36.5 ಗ್ರಾಂ ಅಡುಗೆ ಉಪ್ಪು, 963.5 ಗ್ರಾಂ ಶುದ್ಧ ನೀರು, ಎರಡನ್ನೂ ತೂಕ ಮಾಡಿ ಕರಗಿಸಿ, ಅದು ರಿಫ್ರಾಕ್ಟೋಮೀಟರ್‌ನಲ್ಲಿ 35 ಪಿಪಿಟಿ ಸಮುದ್ರದ ನೀರಿನಷ್ಟೇ ತೋರಿಸ್ಬೇಕು. ಇದು ರಿಫ್ರಾಕ್ಟೋಮೀಟರಿಗೆ ಮಾತ್ರ, ಕರೆಂಟ್ ಹಾಯಿಸಿ ಅಳೆಯೋ ಡಿಜಿಟಲ್ ಮೀಟರಿಗೆ ಈ ಅಳತೆ ಹೊಂದಲ್ಲ, ಅದಕ್ಕೆ 25 ಡಿಗ್ರಿಯಲ್ಲಿ 53 ಮಿಲಿಸೀಮೆನ್ಸ್ ದ್ರಾವಣನೇ ಬೇಕು. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಇಟ್ಕೊಂಡಿರೋರು ಮುಳ್ಳಿಗೆ ಗಾಳಿಗುಳ್ಳೆ ಅಂಟಿದ್ಯಾ, ಉಪ್ಪು ಕಟ್ಟಿದ್ಯಾ ನೋಡಿ, ಗುಳ್ಳೆ ಮುಳ್ಳನ್ನ ಎತ್ತಿ ಇಲ್ಲದ ಉಪ್ಪನ್ನ ತೋರಿಸುತ್ತೆ.

ಸಾಧನ ಸರಿ ಆದ್ಮೇಲೆ, ತೂಕ ಮಾಡಿ ಸರಿಯಾಗಿ 35ಕ್ಕೆ ಹೊಸ ಉಪ್ಪಿನ ನೀರು ಮಾಡಿ ಡ್ರಮ್ಮಲ್ಲೇ ಕೆಎಚ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರೂ ನೋಡಿ. ಟ್ಯಾಂಕ್ ನೀರಲ್ಲಿ ಹಳೇ ಉಪ್ಪು, ಹೊಸ ಉಪ್ಪು, ಡೋಸಿಂಗ್ (ಕೋರಲ್ ಬಳಸಿದ್ದನ್ನ ತುಂಬೋಕೆ ನಾವು ಹಾಕೋ ದ್ರಾವಣ), ಕೋರಲ್ ತಿಂದಿದ್ದು, ಮೀನು ಹೇತಿದ್ದು ಎಲ್ಲ ಕಲಸಿಹೋಗಿರುತ್ತೆ, ಅಲ್ಲಿ ಯಾರ ತಪ್ಪು ಅಂತ ಗೊತ್ತಾಗಲ್ಲ. ಡ್ರಮ್ಮಲ್ಲಿರೋದು ಉಪ್ಪು ಮತ್ತು ನೀರು ಇಬ್ರೇ. ಹೋಲಿಕೆಗೆ ಬೇಕಂದ್ರೆ, ನಿಜವಾದ ಸಮುದ್ರದ ನೀರಲ್ಲಿ 35 ಪಿಪಿಟಿಗೆ ಕೆಎಚ್ 7ರ ಹತ್ರ, ಕ್ಯಾಲ್ಸಿಯಂ 410ರಿಂದ 420, ಮೆಗ್ನೀಸಿಯಂ 1300ರ ಆಸುಪಾಸು ಇರುತ್ತೆ.

ಮೂರೂ ಒಂದೇ ಪ್ರಮಾಣದಲ್ಲಿ ಹೆಚ್ಚೋ ಕಮ್ಮಿನೋ ಆಗಿದ್ರೆ ಸಲಿನಿಟಿ, ಅದನ್ನ ಆಗ್ಲೇ ಹೇಳ್ದೆ. ಮೂರೂ ಡಬ್ಬಿ ಮೇಲೆ ಬರೆದಂಗೇ ಇದೆ, ಆದ್ರೆ ಕೆಎಚ್ ನಿಮ್ಮ ಟ್ಯಾಂಕಿಗಿಂತ ತುಂಬಾ ಮೇಲಿದೆ ಅಂದ್ರೆ ಅದು ಭಾವನ ಕೇಸು.

ಭಾವ ಒಂದಿನ ರಾತ್ರಿ ವಿಡಿಯೋ ಕಾಲ್ ಮಾಡಿ "ನೋಡೋ ಮಾರಾಯ, ಆಕ್ರೋ ತುದಿ ಎಲ್ಲ ಸುಣ್ಣ ಬಳಿದಂಗೆ ಬೆಳ್ಳಗಾಗಿದೆ" ಅಂದ್ರು. ಭಾವ, ಹೊಸ ಉಪ್ಪಿನ ಕೆಎಚ್ ಎಷ್ಟಿದೆ ಅಂದೆ. 12 ಅಂದ್ರು. ಟ್ಯಾಂಕಲ್ಲಿ ಎಷ್ಟು ಇಟ್ಕೊಂಡಿದ್ರಿ ಅಂದೆ, 7.5 ಅಂದ್ರು. ವಾಟರ್ ಚೇಂಜ್ 30 ಪರ್ಸೆಂಟ್, ಅದೂ ಮೂರು ದಿನದ ಅಂತರದಲ್ಲಿ ಎರಡು ಸಲ, ಹೊಸ ಉಪ್ಪು ಬಂದ ಖುಷಿಗೆ. ಲೆಕ್ಕ ಕಷ್ಟ ಇಲ್ಲ, ಹೊಸ ನೀರಿನ ಕೆಎಚ್‌ನಿಂದ ಟ್ಯಾಂಕಿನ ಕೆಎಚ್ ಕಳೀರಿ, ಎಷ್ಟು ಭಾಗ ನೀರು ಬದಲಾಯಿಸ್ತೀರೋ ಅದರಿಂದ ಗುಣಿಸಿ. 4.5ರ 30 ಪರ್ಸೆಂಟ್ 1.35, ಟ್ಯಾಂಕ್ 8.85ಕ್ಕೆ ಬಂತು, ಎರಡನೇ ಸಲಕ್ಕೆ 9.8. ಇಷ್ಟರ ಮೇಲೆ ಆಲ್ಕಲಿನಿಟಿ ಡೋಸಿಂಗ್ ಪಂಪ್ ಹಳೇ ಲೆಕ್ಕದಲ್ಲೇ ಓಡ್ತಾ ಇತ್ತು. ನೈಟ್ರೇಟ್, ಫಾಸ್ಫೇಟ್ ಕೇಳಿದ್ರೆ ಎರಡೂ ಸೊನ್ನೆ ಹತ್ರ ಅಂತ ಹೆಮ್ಮೆಯಿಂದ ಹೇಳಿದ್ರು. ನೀರಲ್ಲಿ ತಿನ್ನೋಕೆ ಏನೂ ಇಲ್ದೇ ಇರೋವಾಗ ಕೆಎಚ್ ಏರಿದ್ರೆ ಆಕ್ರೋಪೋರಾ ತುದಿ ಸುಟ್ಟಂಗೆ ಆಗೋದು ಹವ್ಯಾಸಿಗಳೆಲ್ಲ ಮತ್ತೆ ಮತ್ತೆ ನೋಡಿರೋ ವಿಷ್ಯ. ನೈಟ್ರೇಟ್ ಫಾಸ್ಫೇಟ್ ಸ್ವಲ್ಪ ಇದ್ದು, ಕೆಎಚ್ ಅಲ್ಲಾಡದೇ ನಿಂತಿದ್ರೆ 9.8ರಲ್ಲೂ ಎಷ್ಟೋ ಟ್ಯಾಂಕ್ ಚೆನ್ನಾಗೇ ಇರುತ್ವೆ. ತೊಂದ್ರೆ ಆಗಿದ್ದು ಒಂದೇ ವಾರದಲ್ಲಿ 2.3 ಜಿಗಿದಿದ್ದಕ್ಕೆ.

ಅಂದ್ರೆ ಆ ಉಪ್ಪು ಕೆಟ್ಟದ್ದಾ? ಅಲ್ಲ. ಕೆಲವು ಉಪ್ಪನ್ನ ಬೇಕಂತ್ಲೇ ಕೆಎಚ್ ಜಾಸ್ತಿ ಇಟ್ಟು ಮಾಡ್ತಾರೆ, ಕೆಲವನ್ನ ಸಮುದ್ರದ ಹತ್ರಕ್ಕೆ ಇಟ್ಟು ಮಾಡ್ತಾರೆ. ರೆಡ್ ಸೀ ಕಂಪನಿದೇ ತಗೊಳ್ಳಿ, ನೀಲಿ ಬಕೆಟ್ ಉಪ್ಪು ಕೆಎಚ್ 8ರ ಆಸುಪಾಸು, ಕಪ್ಪು ಬಕೆಟ್ಟಿನ ಕೋರಲ್ ಪ್ರೋ 12ರ ಆಸುಪಾಸು. ಕಂಪನಿ ಒಂದೇ, ಬಕೆಟ್ ಬಣ್ಣ ಬದಲಾದ್ರೂ ಸಾಕು ಬ್ರಾಂಡ್ ಬದಲಾಯಿಸಿದಂಗೇ ಲೆಕ್ಕ, ಅಂಗಡಿಯಲ್ಲಿ ಇದಿಲ್ಲ ಅದಿದೆ ಅಂತ ಕೊಟ್ರೆ ಸುಮ್ನೆ ತಗೊಂಡು ಬರ್ಬೇಡಿ.

ಭಾವನಿಗೆ ನಾನು ಹೇಳಿದ್ದು ಇಷ್ಟು: ಆಲ್ಕಲಿನಿಟಿ ಡೋಸಿಂಗ್ ನಿಲ್ಲಿಸಿ, ದಿನಾ ಒಂದೇ ಹೊತ್ತಿಗೆ ಕೆಎಚ್ ನೋಡ್ತಾ ಕೋರಲ್‌ಗಳೇ ತಿಂದು ಇಳಿಸೋ ತನಕ ಕಾಯಿರಿ, 8ರ ಹತ್ರ ಬಂದಾಗ ಅರ್ಧ ಡೋಸಲ್ಲಿ ಶುರು ಮಾಡಿ, ಆಸಿಡ್ ಗೀಸಿಡ್ ಹಾಕಿ ಇಳಿಸೋಕೆ ಹೋಗ್ಬೇಡಿ, ಏರಿದ್ದಷ್ಟೇ ವೇಗವಾಗಿ ಇಳಿದ್ರೆ ಅದಿನ್ನೊಂದು ಏಟು. ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಹಾಕ್ಕೊಂಡು ಕೂತ್ರು. ಸತ್ತ ತುದಿಗಳು ಹೋದ್ವು, ಕೆಳಗಿನ ಭಾಗ ಉಳೀತು.

ಇನ್ನೊಂದು ನಮೂನೆ, ಡ್ರಮ್ಮಲ್ಲಿ ಕೆಎಚ್ ಡಬ್ಬಿಯಲ್ಲಿ ಬರೆದಿದ್ದಕ್ಕಿಂತ ಕಮ್ಮಿ ಬರೋದು. ಆಗ ಕ್ಯಾಲ್ಸಿಯಂ ಕಡೆ ನೋಡಿ. ಕೆಎಚ್ 2.8 ಇಳಿದಿದೆ, ಕ್ಯಾಲ್ಸಿಯಂ ಬರೀ 20 ಇಳಿದಿದೆ ಅಂದ್ರೆ ಅದು ಸುಣ್ಣ ಕಟ್ಟಿರೋದು, ಎರಡೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಹೋದ್ರೆ ಈ ಪ್ರಮಾಣದಲ್ಲೇ ಹೋಗೋದು. ಡ್ರಮ್ ಗೋಡೆ, ಹೀಟರ್, ಪಂಪಿನ ಇಂಪೆಲ್ಲರ್ ಮೇಲೆ ಬೆಳ್ಳಗೆ ಒರಟು ಪದರ ಇರುತ್ತೆ, ಉಗುರಲ್ಲಿ ಕೆರೆದ್ರೆ ಗೊತ್ತಾಗುತ್ತೆ. ಹಿಂಗಾಗೋದು ಸಾಮಾನ್ಯವಾಗಿ ನಮ್ಮ ಕೈಯಿಂದ್ಲೇ, ಬಕೆಟ್ಟಿಗೆ ಉಪ್ಪು ಸುರಿದು ಮೇಲಿಂದ ನೀರು ಬಿಟ್ಟಿರ್ತೀವಿ, ಆ ಮೊದಲ ಎರಡು ನಿಮಿಷ ತಳದಲ್ಲಿ ಗೊಜ್ಜಿನ ತರ ಗಟ್ಟಿ ದ್ರಾವಣ ಇರುತ್ತೆ, ಅಲ್ಲೇ ಸುಣ್ಣ ಕಟ್ಟುತ್ತೆ. ಯಾವಾಗ್ಲೂ ನೀರು ಮೊದಲು, ಪಂಪ್ ಆನ್, ಆಮೇಲೆ ಉಪ್ಪನ್ನ ಸ್ವಲ್ಪ ಸ್ವಲ್ಪನೇ. ಕೆಎಚ್ ಜಾಸ್ತಿ ಇರೋ ಉಪ್ಪುಗಳನ್ನ ಹೀಟರ್ ಹಾಕಿ ದಿನಗಟ್ಟಲೆ ತಿರುಗಿಸ್ತಾ ಇಟ್ರೂ ಇದೇ ಗತಿ, ಹಳೇ ಬ್ರಾಂಡ್ ನಾಲ್ಕು ದಿನ ಡ್ರಮ್ಮಲ್ಲಿದ್ರೂ ತಡ್ಕೊಂಡಿರ್ಬೋದು, ಹೊಸದು ತಡ್ಕೊಳ್ಳದೇ ಇರ್ಬೋದು. ಡಬ್ಬಿ ಮೇಲೆ ಎಷ್ಟು ಗಂಟೆ ಒಳಗೆ ಬಳಸಿ ಅಂತ ಬರೆದಿದ್ರೆ ಅದನ್ನ ಓದಿ.

ನಾಲ್ಕನೇ ನಮೂನೆ ಅಡ್ಡಾದಿಡ್ಡಿ. ಕೆಎಚ್ ಕಮ್ಮಿ, ಕ್ಯಾಲ್ಸಿಯಂ ವಿಪರೀತ ಜಾಸ್ತಿ, ಮೆಗ್ನೀಸಿಯಂ ಇನ್ನೆಲ್ಲೋ. ನಮ್ಮ ಕಡೆ ಇದು ಲೂಸ್ ಉಪ್ಪಿನ ರೋಗ. ದೊಡ್ಡ ಬಕೆಟ್ ಒಡೆದು ಕೆಜಿ ಲೆಕ್ಕದಲ್ಲಿ ಕವರಿಗೆ ಕಟ್ಟಿ ಮಾರ್ತಾರಲ್ಲ, ಬಕೆಟ್ ಲಾರಿಯಲ್ಲಿ ಕುಲುಕಿ ಕುಲುಕಿ ಬಂದಿರುತ್ತೆ, ಸಣ್ಣ ಕಣ ತಳಕ್ಕೆ, ದೊಡ್ಡ ಹರಳು ಮೇಲಕ್ಕೆ, ಮೇಲಿನ ಕವರಿಗೆ ಒಂದು ಪಾಲು ಹೋದ್ರೆ ತಳದ ಕವರಿಗೆ ಬೇರೇನೇ ಪಾಲು. ಇದ್ರ ಜೊತೆ ತೇವ ಬೇರೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಕ್ಲೋರೈಡ್‌ಗಳು ಗಾಳಿಯಲ್ಲಿರೋ ನೀರನ್ನ ಎಳ್ಕೊಂಡು ಕುಡಿಯುತ್ವೆ, ಮಳೆಗಾಲದಲ್ಲಿ ಕವರ್ ಬಾಯಿ ಸರಿ ಕಟ್ಟದೇ ಇಟ್ರೆ ಬೆಲ್ಲದ ಅಚ್ಚಿನ ತರ ಗಟ್ಟಿ ಉಂಡೆ. ಕಲ್ಲಾದ ಉಪ್ಪನ್ನ ಒಡೆದು ಬಳಸ್ಬೇಡಿ, ಒಳಗೆ ಸುಣ್ಣ ಕಟ್ಟಾಗಿರುತ್ತೆ, ಕರಗದೇ ಮೋಡ ಮೋಡ ಆಗಿ ನಿಲ್ಲುತ್ತೆ. ಒಳ್ಳೇ ಬಕೆಟ್ ತಂದ್ರೂ ಬಾಯಿ ಬಿಗಿಯಾಗಿ ಮುಚ್ಚಿ ನೆಲದ ಮೇಲೆ ಉರುಳಾಡಿಸಿ ಆಮೇಲೆ ತೆಗೀರಿ, ಮನೆಯಲ್ಲಿ ಮಕ್ಕಳಿದ್ರೆ ಈ ಕೆಲಸ ಅವ್ರಿಗೆ ವಹಿಸ್ಬೋದು.

ಮಂಗಳೂರು ಕಡೆಯವ್ರು ನಮಗ್ಯಾಕೆ ಈ ತಾಪತ್ರಯ, ಸಮುದ್ರನೇ ಪಕ್ಕದಲ್ಲಿದೆ ಅಂತ ನಗ್ತಾರೆ. ನಗ್ಲಿ, ಆದ್ರೆ ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಹರಿಯೋವಾಗ ಅಳಿವೆ ಹತ್ರದ ನೀರು ತಂದು ಸುರಿದ್ರೆ ಅವ್ರ ಟ್ಯಾಂಕಿಗೆ ನಂಗಾಗಿದ್ದರ ಉಲ್ಟಾ ಆಗುತ್ತೆ, ಸಲಿನಿಟಿ ಧಡಾರಂತ ಕೆಳಗೆ.

ಉಪ್ಪಿನ ಲೆಕ್ಕ ಎಲ್ಲ ಸರಿ ಇದೆ ಆದ್ರೂ ಬಸವನಹುಳು, ಸೀಗಡಿ ಸಾಯ್ತಿವೆ, ಮೀನು ಮಾತ್ರ ಆರಾಮಾಗಿವೆ ಅಂದ್ರೆ ದಯವಿಟ್ಟು ನೀರಿನ ಮೂಲ ನೋಡಿ. ಪರಿಚಯದವ್ರೊಬ್ರು ನನ್ನ ಹಂಗೇ ಉಪ್ಪನ್ನ ಬೈಕೊಂಡು ಕೂತಿದ್ರು, ಟರ್ಬೋ ಸ್ನೇಲ್‌ಗಳು ಒಂದೊಂದಾಗಿ ಉದುರ್ತಿದ್ವು, ಕ್ಲೀನರ್ ಸೀಗಡಿ ಪೊರೆ ಬಿಡೋವಾಗ ಸತ್ತೋಯ್ತು. ಅವ್ರ ಮನೆಗೆ ಹೋಗಿ ನೀರು ಎಲ್ಲಿಂದ ಹಿಡಿತೀರಿ ಅಂದ್ರೆ ಅಡುಗೆಮನೆ ಪ್ಯೂರಿಫೈಯರ್ ತೋರಿಸಿದ್ರು. ಹಳೇದು ಕೆಟ್ಟಿತ್ತಂತೆ, ಉಪ್ಪು ಬದಲಾಯಿಸಿದ ತಿಂಗಳಲ್ಲೇ ಹೊಸದು ಹಾಕ್ಸಿದ್ರಂತೆ, ಅದ್ರಲ್ಲಿ ತಾಮ್ರದ ಕಾರ್ಟ್ರಿಡ್ಜ್! ಮನುಷ್ಯರಿಗೆ ಆರೋಗ್ಯ ಅಂತ ನೀರಿಗೆ ಬೇಕಂತ್ಲೇ ತಾಮ್ರ ಸೇರಿಸ್ತಾರೆ, ಬೆನ್ನುಮೂಳೆ ಇಲ್ಲದ ಸಮುದ್ರಜೀವಿಗಳಿಗೆ ಅದೇ ವಿಷ. ತಾಮ್ರ ಇಲ್ದೇ ಇದ್ರೂ ಬಹಳಷ್ಟು ಮನೆ ಆರ್‌ಒಗಳಲ್ಲಿ ರುಚಿಗೆ ಅಂತ ಮಿನರಲ್ ಕಾರ್ಟ್ರಿಡ್ಜೋ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಒಟ್ಟು ಅಳತೆ) ಕಂಟ್ರೋಲರ್ರೋ ಇರುತ್ತೆ, ಆ ಕಂಟ್ರೋಲರ್ ಮಾಡೋ ಕೆಲಸ ಅಂದ್ರೆ ಶೋಧಿಸಿದ ನೀರಿಗೆ ಶೋಧಿಸದ ನೀರು ಬೆರೆಸೋದು, ನಿಮ್ಮದು ಬೋರ್‌ವೆಲ್ ಆದ್ರೆ ಕತೆ ಮುಗೀತು. ಟಿಡಿಎಸ್ ಮೀಟರ್ ಅದ್ದಿ ನೋಡಿ, ರೀಫ್ ಟ್ಯಾಂಕಿಗೆ ಡಿಐ ರೆಸಿನ್ (ಆರ್‌ಒ ಆದ್ಮೇಲೂ ಉಳಿದ ಲವಣ ಹೀರೋದು) ದಾಟಿ ಬಂದ ನೀರು ಸೊನ್ನೆ ತೋರಿಸ್ಬೇಕು, 40, 60 ಅಂತ ಬಂದ್ರೆ ಅದು ಕುಡಿಯೋಕೆ ಚೆನ್ನ. ಉಪ್ಪು ಹಾಕಿದ ಮೇಲೆ ಟಿಡಿಎಸ್ ಅಳೆದು ಗಾಬರಿ ಬೀಳೋರೂ ಇದಾರೆ, ಉಪ್ಪು ಹಾಕೋ ಮುಂಚೆ ಅಳೀರಪ್ಪ. ಅವ್ರು ಆಕ್ಟಿವೇಟೆಡ್ ಕಾರ್ಬನ್, ತಾಮ್ರ ಹೀರೋ ರೆಸಿನ್ ಎರಡೂ ಸಂಪಲ್ಲಿ ಹಾಕಿ (ಟ್ಯಾಂಕ್ ಕೆಳಗಿನ ಸಂಪು, ಕಾವೇರಿ ನೀರು ಬಿಡೋ ಸಂಪಲ್ಲ), ಡಿಐ ನೀರಲ್ಲಿ ಸಣ್ಣ ಸಣ್ಣ ವಾಟರ್ ಚೇಂಜ್ ಮಾಡ್ತಾ ಬಂದ್ರು, ಎರಡು ತಿಂಗಳು ಬಿಟ್ಟು ಹಾಕಿದ ಹುಳುಗಳು ಉಳ್ಕೊಂಡ್ವು.

ತಲೆ ಕೆಡಿಸ್ಕೊಳ್ಳೋದೇ ಬೇಡ ಅನ್ನೋವೂ ಕೆಲವಿವೆ. ಹೊಸ ಉಪ್ಪು ಕರಗಿಸಿದಾಗ ಡ್ರಮ್ ಅಂಚಿಗೆ ಕಂದು ಕೊಳೆ ಅಂಟಿದ್ರೆ ಒರೆಸಿ ಬಿಡಿ. ವಾಟರ್ ಚೇಂಜ್ ಆದ ದಿನ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋ ಸಾಧನ) ಉಕ್ಕಿ ಕಪ್ ತುಂಬಿದ್ರೆ ಒಂದೆರಡು ದಿನ ಕೆಳಗಿಳಿಸಿ, ತಾನೇ ಸುಮ್ನಾಗುತ್ತೆ. ಈಗಷ್ಟೇ ಕಲಸಿದ ನೀರಿನ ಪಿಎಚ್ ಹೆಚ್ಚು ಕಮ್ಮಿ ಇದ್ರೆ ಗಾಳಿ ಆಡೋ ಕಡೆ ರಾತ್ರಿಯಿಡೀ ಪಂಪ್ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಲೆದರ್ ಪೊರೆ ಬಿಡೋದು ಅದ್ರ ಸ್ವಭಾವ, ಅದೊಂದೇ ಲಕ್ಷಣ ಇಟ್ಕೊಂಡು ಏನನ್ನೂ ತೀರ್ಮಾನ ಮಾಡ್ಬೇಡಿ.

ನನ್ನ ಟ್ಯಾಂಕ್ ಸರಿ ಮಾಡಿದ್ದು ಹೀಗೆ. ಹಳೇ ಉಪ್ಪಿನ ವಾಟರ್ ಚೇಂಜ್ ಆದ್ಮೇಲೆ 36.7 ಇತ್ತಲ್ಲ, ದಿನಕ್ಕೆ ಎರಡು ಲೀಟರ್ ಟ್ಯಾಂಕ್ ನೀರು ತೆಗೆದು ಎರಡು ಲೀಟರ್ ಡಿಐ ನೀರು ಸಂಪಿಗೆ ನಿಧಾನಕ್ಕೆ ಬಿಟ್ಟೆ, 160 ಲೀಟರಿಗೆ ಅದು ದಿನಕ್ಕೆ ಅರ್ಧ ಪಿಪಿಟಿಗಿಂತ ಸ್ವಲ್ಪ ಕಮ್ಮಿ ಇಳಿಸುತ್ತೆ. ನಾಲ್ಕು ದಿನಕ್ಕೆ 35. ಒಂದೇ ದಿನಕ್ಕೆ ಇಳಿಸೋ ಆಸೆ ಆಯ್ತು, ತಡ್ಕೊಂಡೆ. ಆವಿಯಾದ ನೀರನ್ನ ತಾನೇ ತುಂಬೋ ಆಟೋ ಟಾಪ್ ಆಫ್ ಇರೋರು ಒಂದು ನೆನಪಿಟ್ಕೊಳ್ಳಿ, ಅದು ನೀರಿನ ಮಟ್ಟ ಮಾತ್ರ ನೋಡುತ್ತೆ, ಉಪ್ಪು ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ.

ಅದಾದ್ಮೇಲೆ ಅದೇ ಹೊಸ ಉಪ್ಪನ್ನೇ ಮುಂದುವರಿಸಿದೆ, ಹೌದು, ನಾನು ಬೈದ ಉಪ್ಪನ್ನೇ. ಲೀಟರಿಗೆ 37 ಗ್ರಾಂ ಲೆಕ್ಕದಲ್ಲಿ 40 ಲೀಟರಿಗೆ 1480 ಗ್ರಾಂ ತೂಗಿ ಹಾಕ್ತೀನಿ, ಡ್ರಮ್ಮಲ್ಲಿ ಸಲಿನಿಟಿ, ಕೆಎಚ್ ಎರಡು ನೋಡದೇ ಒಂದು ಲೋಟನೂ ಟ್ಯಾಂಕಿಗೆ ಹೋಗಲ್ಲ. ಮುಂದೆ ಮತ್ತೆ ಬದಲಾಯಿಸೋ ಪ್ರಸಂಗ ಬಂದ್ರೆ ಹಳೇದು ಪೂರ್ತಿ ಮುಗಿಯೋ ತನಕ ಕಾಯದೇ, ಒಂದು ತಿಂಗಳಿಗಾಗೋಷ್ಟು ಇರೋವಾಗ್ಲೇ ಹೊಸದು ತರಿಸಿ, ಎರಡನ್ನೂ ಬೇರೆ ಬೇರೆ ಕರಗಿಸಿ ನೀರನ್ನ ಬೆರೆಸ್ತೀನಿ, ಮೊದಲ ಸಲ ಮುಕ್ಕಾಲು ಹಳೇದು ಕಾಲು ಹೊಸದು, ಆಮೇಲೆ ಅರ್ಧ ಅರ್ಧ, ಪುಡಿ ಪುಡಿಯನ್ನೇ ಒಂದೇ ಡಬ್ಬಿಗೆ ಸುರಿದು ಕಲಸಿದ್ರೆ ಯಾವ ಚಮಚದಲ್ಲಿ ಯಾವುದು ಬಂತು ಅನ್ನೋದೇ ಗೊತ್ತಾಗಲ್ಲ. ಕೆಎಚ್ ವ್ಯತ್ಯಾಸ ಎರಡಕ್ಕಿಂತ ಜಾಸ್ತಿ ಇದ್ರೆ ವಾಟರ್ ಚೇಂಜನ್ನೂ 10 ಪರ್ಸೆಂಟಿಗೆ ಇಳಿಸ್ತೀನಿ.

ಜೋವಾ ಆರನೇ ದಿನ ಪೂರ್ತಿ ಬಿಚ್ಕೊಂಡ್ವು, ಜೀನಿಯಾ ಅದಕ್ಕೂ ಮುಂಚೆನೇ. ಎರಡು ಬಸವನಹುಳು ಹೋದ್ವು. ಅಂಗಡಿಯವರಿಗೆ ಫೋನ್ ಮಾಡಿ ಸಾರಿ ಕೇಳ್ದೆ, ಅವ್ರು "ಪರ್ವಾಗಿಲ್ಲ ಸಾರ್, ತಿಂಗಳಿಗೆ ಇಬ್ರಾದ್ರೂ ಬಂದು ಬೈತಾರೆ" ಅಂದ್ರು. ಆ ಮಗ್ ಈಗ ಬಾತ್‌ರೂಮಲ್ಲಿದೆ.